ಕಿರುಗುಟ್ಟಿದ ಕೀಲು

ರುಬ್ಬುವ ಕಲ್ಲಿನ ಗುಂಡು ಒರಳಿನ ಕುಳಿಯಲ್ಲಿ ತಿರುಗುವುದನ್ನು ಕಂಡವರಿಗೆ ಸೊಂಟದ ಕೀಲಿನ ರಚನೆಯನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ. ತೊಡೆಯೆಲುಬಿನ ದುಂಡಾದ ತಲೆಯು ಸೊಂಟದೆಲುಬಿನ ಬಟ್ಟಲಿನಲ್ಲಿ ಹಾಗೆಯೇ ಹೊರಳುವುದು. ಭೇದವಿಷ್ಟೆ, ಒರಳಿನಲ್ಲಿ ಘರ್ಷಣೆಯೇ ಪ್ರಯೋಜನ, ಕೀಲಿನಲ್ಲಿ ಅದೇ ಶತ್ರು. ಎಲುಬಿನ ಮೇಲಣ ಮೃದ್ವಸ್ಥಿಯ ನುಣುಪು ಸವೆದುಹೋದ ವೃದ್ಧರಿಗೆ ಒಂದೊಂದು ಹೆಜ್ಜೆಯೂ ಯಾತನೆಯೇ.

1950ರ ದಶಕದಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯ ಬಳಿಗೆ, ತೊಡೆಯೆಲುಬಿಗೆ ಅಕ್ರಿಲಿಕ್ಕಿನ ಕೃತಕ ತಲೆಯನ್ನು ಹಾಕಿಸಿಕೊಂಡಿದ್ದ ರೋಗಿಯೊಬ್ಬನು ಬಂದನು. ಊಟದ ಮೇಜಿನ ಮುಂದೆ ಬಾಗಿದಾಗಲೆಲ್ಲ ಅವನ ಕೀಲು ಕಿರ್ರೆನ್ನುತ್ತಿತ್ತು. ಹೆಂಡತಿಗೆ ಆ ಸದ್ದು ಸಹಿಸಲಸಾಧ್ಯವಾಗಿತ್ತು. ಬೇರೆಯವರಾಗಿದ್ದರೆ ನಕ್ಕು ಕಳುಹಿಸುತ್ತಿದ್ದರೇನೋ. ಚಾರ್ನ್ಲಿಯಾದರೋ, ಸದ್ದಿರುವೆಡೆ ಘರ್ಷಣೆಯಿದೆ, ಘರ್ಷಣೆಯಿರುವೆಡೆ ಕೃತಕ ಕೀಲು ಸಡಿಲವಾಗದೆ ಇರದು ಎಂದು ತರ್ಕಿಸಿ, ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಪ್ರಯೋಗಕ್ಕೆ ತೊಡಗಿದನು. ಲೋಹದ ಚಿಕ್ಕ ಗುಂಡು, ಅದಕ್ಕೊಂದು ಟೆಫ್ಲಾನಿನ ಬಟ್ಟಲು (ದೋಸೆಯ ಕಾವಲಿಗೆ ಇಂದು ನಾವು ಬಳಿಸಿಕೊಳ್ಳುವ ಅದೇ ನುಣುಪು ವಸ್ತು), ಎರಡನ್ನೂ ಎಲುಬಿಗೆ ಕೂರಿಸಲು ಅಕ್ರಿಲಿಕ್ ಗಾರೆ.

ರೋಗಿಗಳು ಊರುಗೋಲನ್ನು ಬಿಸುಟು ನಡೆದರು. ಆದರೆ ಎರಡು ಮೂರು ವರ್ಷಗಳಲ್ಲಿಯೇ ಟೆಫ್ಲಾನು ಸವೆದು, ಅದರ ಪುಡಿಯು ಸುತ್ತಣ ಮಾಂಸವನ್ನು ಕೆರಳಿಸಿ ಎಲುಬನ್ನು ತಿನ್ನತೊಡಗಿತು. ಅಷ್ಟರಲ್ಲಿ ಸುಮಾರು 300 ಮಂದಿಗೆ ಆ ಬಟ್ಟಲನ್ನು ಹಾಕಿಯಾಗಿತ್ತು. ಚಾರ್ನ್ಲಿ ತನ್ನ ಸೋಲನ್ನು ಮುಚ್ಚಿಡಲಿಲ್ಲ. ಕೆಟ್ಟ ಕೀಲುಗಳನ್ನು ಮತ್ತೆ ಬಿಚ್ಚುವ ಭಾರವನ್ನು ತಾನೇ ಹೊತ್ತನು. ಆತನ ಕೀರ್ತಿಗಿಂತ ಈ ಅಪಕೀರ್ತಿಯ ಅಧ್ಯಾಯವೇ ನನಗೆ ಹೆಚ್ಚು ಗೌರವಾರ್ಹವಾಗಿ ಕಾಣುತ್ತದೆ.

1962ರಲ್ಲಿ, ಮಗ್ಗದ ಯಂತ್ರಗಳಿಗೆ ಹಲ್ಲುಗಾಲಿಗಳನ್ನು ಮಾರುವ ವ್ಯಾಪಾರಿಯೊಬ್ಬನಿಂದ ಗಟ್ಟಿಯಾದ ಪಾಲಿಥೀನಿನ ತುಂಡೊಂದು ಆಸ್ಪತ್ರೆಯ ಕಾರ್ಯಾಗಾರಕ್ಕೆ ಬಂದಿತು. ಚಾರ್ನ್ಲಿ ಅದಕ್ಕೆ ಹೆಬ್ಬೆರಳಿನ ಉಗುರನ್ನೊತ್ತಿ ನೋಡಿ, ಇದು ಕಾಲಹರಣವೆಂದು ಹೊರಟುಹೋದನು. ಅಲ್ಲಿನ ಕುಶಲಕರ್ಮಿ ಹ್ಯಾರಿ ಕ್ರೇವನ್ ಮಾತ್ರ, ಯಜಮಾನನು ಪರದೇಶಕ್ಕೆ ಹೋದ ಸಮಯವನ್ನು ನೋಡಿಕೊಂಡು, ತಾನೇ ಕಟ್ಟಿದ ಸವೆತದ ಯಂತ್ರಕ್ಕೆ ಅದನ್ನು ಹೂಡಿ ಹಗಲಿರುಳೂ ಉಜ್ಜಿಸಿದನು. ಟೆಫ್ಲಾನು ಒಂದು ದಿನದಲ್ಲಿ ಸವೆಯುತ್ತಿದ್ದಷ್ಟು ಈ ವಸ್ತು ಮೂರು ವಾರಗಳಲ್ಲಿಯೂ ಸವೆದಿರಲಿಲ್ಲ. ಮರಳಿ ಬಂದು ಇದನ್ನು ಕಂಡ ಚಾರ್ನ್ಲಿ ಈ ಸಲ ಅವಸರಪಡದೆ ಎರಡೂ ವಸ್ತುಗಳ ಚೂರುಗಳನ್ನು ತನ್ನ ತೊಡೆಯೊಳಗೇ ಇರಿಸಿಕೊಂಡು ನೋಡಿದನು; ಟೆಫ್ಲಾನು ಇದ್ದೆಡೆ ಬಾವು ಬಂದಿತು, ಪಾಲಿಥೀನು ಸುಮ್ಮನಿತ್ತು.

ಹೊಸ ಬಟ್ಟಲು 1962ರ ನವೆಂಬರಿನಲ್ಲಿ ರೋಗಿಗಳಿಗೆ ಬಂದಿತಾದರೂ, ಅದನ್ನು ಇತರ ವೈದ್ಯರಿಗೆ ಮುಕ್ತವಾಗಿ ಒದಗಿಸುವ ಮುನ್ನ ಆತನು ವರ್ಷಗಟ್ಟಲೆ ಕಾದನು. ಕೀಲು ದೇಹದೊಳಗೆ ಹೇಗೆ ಸವೆದಿದೆಯೆಂದು ತಿಳಿಯುವ ಸಲುವಾಗಿ, ಮರಣಾನಂತರ ಅದನ್ನು ಆಸ್ಪತ್ರೆಗೆ ಮರಳಿಸಬೇಕೆಂದು ತನ್ನ ರೋಗಿಗಳನ್ನು ಬೇಡಿಕೊಂಡನು. ಅನೇಕರು ಸಂತೋಷದಿಂದಲೇ ಒಪ್ಪಿದರು. ಹಾಕಿದ ಕೀಲುಗಳ ಗತಿಯನ್ನು ಹೀಗೆ ಗಮನಿಸುವ ಕೆಲಸವನ್ನು ಮುಂದೆ ಒಂದು ದೇಶವೇ ಕೈಗೊಂಡಿತು: 1979ರಲ್ಲಿ ಸ್ವೀಡನ್ ತನ್ನಲ್ಲಿ ಹಾಕಿದ ಕೃತಕ ಸೊಂಟದ ಕೀಲುಗಳ ಲೆಕ್ಕವನ್ನು ರಾಷ್ಟ್ರೀಯ ದಾಖಲೆಯಲ್ಲಿ ಬರೆದಿಡಲಾರಂಭಿಸಿತು.

ನಿಮ್ಮ ಮನೆಯ ಹಿರಿಯರು ಯಾರಾದರೂ ಕೀಲು ಬದಲಿಸಿಕೊಂಡಿದ್ದರೆ, ನೋವಿಲ್ಲವೆಂಬ ಕಾರಣಕ್ಕೆ ವೈದ್ಯರು ಗೊತ್ತುಮಾಡಿದ ದಿನದ ಎಕ್ಸ್-ರೇಯನ್ನು ತಪ್ಪಿಸಲು ಬಿಡಬೇಡಿ. ಟೆಫ್ಲಾನಿನ ಬಟ್ಟಲಿನವರೂ ಮೊದಮೊದಲು ನೋವಿಲ್ಲದೆಯೇ ನಡೆದಿದ್ದರು.