“ಬಾಯಿ ಇಲ್ಲೇನಲೇ?” ಎಂದು ಗದರಿದರೆ ಮಾತು ಬಂದೀತೆ?

ಮೇಷ್ಟ್ರು ಹಾಜರಿ ಕರೆಯುತ್ತಾರೆ. ಹುಡುಗನ ಬಾಯಿಂದ ‘ಎಸ್ ಸಾರ್’ ಹೊರಡುವುದಿಲ್ಲ. ಗಂಟಲು ಒಣಗಿದೆ, ಎದೆ ಡವಡವ ಬಡಿಯುತ್ತಿದೆ, ಅಂಗೈ ಬೆವರಿದೆ. “ಯಾಕಲೇ, ಬಾಯಿ ಇಲ್ಲೇನು?” ಎಂಬ ಗದರಿಕೆ. ತರಗತಿಗೆ ತರಗತಿಯೇ ಗೊಳ್ಳೆಂದು ನಗುತ್ತದೆ. ಮರುದಿನ ಹುಡುಗನಿಗೆ ಹೊಟ್ಟೆನೋವು! ಅದರ ಮರುದಿನವೂ ಹೊಟ್ಟೆನೋವು!

ಬಳ್ಳಾರಿಯ ಯಾವ ಓಣಿ ಹೊಕ್ಕರೂ ಇಂಥದೊಂದು ಮಗು ಸಿಕ್ಕೀತು. ಮನೆಯಲ್ಲಿ ಅರಳು ಹುರಿದಂತೆ ಮಾತು. ನೆಂಟರು ಬಂದರೆ ಬಾಗಿಲ ಹಿಂದೆ. “ನಾಚಿಕಿ ಸ್ವಭಾವ, ದೊಡ್ಡಾಂವ ಆದಮ್ಯಾಲೆ ಸರಿ ಆಕ್ಕಾನ ಬಿಡ್ರಿ” ಎಂದು ಹಿರಿಯರ ಸಮಾಧಾನ. ಹಲವರು ಸರಿಹೋಗುವುದೂ ಉಂಟು. ಆದರೆ ಹೆದರಿಕೆ ತಿಂಗಳುಗಟ್ಟಲೆ ಬಿಡದೆ ಓದು, ಆಟ, ಗೆಳೆತನಗಳಿಗೆಲ್ಲ ಅಡ್ಡ ಬಂದರೆ ಅದು ಬರೀ ನಾಚಿಕೆಯಲ್ಲ. ವೈದ್ಯರು ಅದನ್ನು ಸಾಮಾಜಿಕ ಆತಂಕ ಎನ್ನುತ್ತಾರೆ. ಗಲಾಟೆ ಮಾಡುವವನ ಮೇಲೆ ಎಲ್ಲರ ಕಣ್ಣು. ಸುಮ್ಮನೆ ಕೂತವನನ್ನು ಕೇಳುವವರು ಯಾರು?

ಮುಳ್ಳಿನಿಂದಲೇ ಮುಳ್ಳು

ಈ ಕಾಯಿಲೆಗೆ ಒಂದು ಒಳ್ಳೆಯ ಮದ್ದು ಗುಂಪು ಚಿಕಿತ್ಸೆ. ಜನರನ್ನು ಕಂಡರೆ ನಡುಗುವ ಮಗುವನ್ನು ಗುಂಪಿನಲ್ಲಿ ಕೂಡಿಸುವುದೆಂದರೆ ವಿಚಿತ್ರವೆನಿಸಬಹುದು. ಗುಟ್ಟು ಇರುವುದೇ ಅಲ್ಲಿ. ಹೆದರಿ ಹಿಂದೆ ಸರಿದಾಗಲೆಲ್ಲ ಮಗುವಿಗೆ ತಕ್ಷಣ ಹಾಯೆನಿಸುತ್ತದೆ. ಆ ಹಾಯಿಯೇ ಹೆದರಿಕೆಗೆ ಗೊಬ್ಬರ! ಮಗುವಿನ ಬದಲು ಅಮ್ಮ ಉತ್ತರ ಕೊಟ್ಟರೂ ಅದೇ ಫಲ.

ಗುಂಪಿನಲ್ಲಿ ಒಂದೇ ವಯಸ್ಸಿನ ನಾಲ್ಕಾರು ಮಕ್ಕಳು ವಾರವಾರ ಕೂಡುತ್ತಾರೆ. ‘ನನಗೊಬ್ಬನಿಗೇ ಹಿಂಗಲ್ಲ’ ಎಂದು ತಿಳಿಯುವುದೇ ಅರ್ಧ ಧೈರ್ಯ. ನಗಬಾರದು, ಒತ್ತಾಯ ಮಾಡಬಾರದು ಎಂಬುದು ಅಲ್ಲಿನ ಕಟ್ಟಳೆ. ಮಾತು ಶುರು ಮಾಡುವುದು ಹೇಗೆ, ಆಟಕ್ಕೆ ಸೇರುವುದು ಹೇಗೆ ಎಂಬುದನ್ನು ಆಡಿ ತೋರಿಸಿ ಕಲಿಸುತ್ತಾರೆ. ಆಮೇಲೆ ಒಂದೊಂದೇ ಮೆಟ್ಟಿಲು: ಇವತ್ತು ಹೆಸರು ಹೇಳುವುದು, ಮುಂದೆ ಒಂದು ಪ್ರಶ್ನೆ ಕೇಳುವುದು, ಕೊನೆಗೆ ಮಿರ್ಚಿ ಬಂಡಿಯ ಮುಂದೆ ನಿಂತು “ಎರಡು ಮಿರ್ಚಿ ಕೊಡ್ರಿ” ಎನ್ನುವುದು. ಭಯ ಏರುತ್ತದೆ, ಓಡಿಹೋಗದೆ ನಿಂತರೆ ತಾನೇ ಇಳಿಯುತ್ತದೆ. ಇದನ್ನು ಮಗು ತಾನೇ ಕಂಡುಕೊಳ್ಳಬೇಕು, ಬಾಯಿಮಾತಿನ ಉಪದೇಶದಿಂದ ಆಗುವ ಕೆಲಸವಲ್ಲ.

ಬರೀ ಗುಂಪು ಕಟ್ಟಿದರೆ ಸಾಲದು

ಅಮೆರಿಕದಲ್ಲಿ ಡೆಬೊರಾ ಬೈಡೆಲ್ ಮತ್ತು ಸ್ಯಾಮ್ಯುಯೆಲ್ ಟರ್ನರ್ ತಮ್ಮ ಸಂಗಡಿಗರೊಂದಿಗೆ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯತಕ್ಕದ್ದು. 8ರಿಂದ 12 ವರ್ಷದ ಮಕ್ಕಳು. 12 ವಾರಗಳ ಚಿಕಿತ್ಸೆ. ಪ್ರತಿ ವಾರ ಒಂದು ಗುಂಪಿನ ಪಾಠ, ಜೊತೆಗೆ ಭಯವನ್ನು ಎದುರಿಸುವ ಒಂಟಿ ಅಭ್ಯಾಸ. ಪಾಠ ಮುಗಿದ ಮೇಲೆ ಹೆದರಿಕೆಯಿಲ್ಲದ ಓರಗೆಯ ಮಕ್ಕಳ ಜೊತೆ ಆಟಕ್ಕೆ, ತಿರುಗಾಟಕ್ಕೆ ಕರೆದೊಯ್ಯುತ್ತಿದ್ದರು. ಕೋಣೆಯಲ್ಲಿ ಕಲಿತದ್ದು ಬಯಲಿನಲ್ಲಿ ಬಳಕೆಗೆ ಬರಬೇಕಲ್ಲ! ಕೊನೆಗೆ 100ಕ್ಕೆ 67 ಮಕ್ಕಳಲ್ಲಿ ಕಾಯಿಲೆ ಎನ್ನುವಷ್ಟು ಭಯ ಉಳಿಯಲಿಲ್ಲ. ಹೋಲಿಕೆಗೆಂದು ಇನ್ನೊಂದು ತಂಡಕ್ಕೆ ಓದುವ, ಪರೀಕ್ಷೆ ಎದುರಿಸುವ ಜಾಣ್ಮೆ ಕಲಿಸಿದ್ದರು. ಅಲ್ಲಿ ಆ ಮಟ್ಟಕ್ಕೆ ಸುಧಾರಿಸಿದವರು 100ಕ್ಕೆ 5 ಮಾತ್ರ. ಟ್ಯೂಷನ್ನಿಗೆ ಸೇರಿಸಿದರೆ ಸಂಕೋಚ ಹೋದೀತು ಎನ್ನುವ ತಂದೆತಾಯಿಗಳು ಗಮನಿಸಲಿ.

ಮಗುವನ್ನು ಒಮ್ಮೆಲೇ ವಾರ್ಷಿಕೋತ್ಸವದ ವೇದಿಕೆಗೆ ನೂಕುವುದೂ ತಪ್ಪೇ. ಮೆಟ್ಟಿಲಿಲ್ಲದೆ ಮಾಳಿಗೆ ಹತ್ತು ಎಂದ ಹಾಗಾಯಿತು. ತೀರ ನಡುಗುವ ಮಗುವಿಗೆ ಮೊದಲು ಒಂಟಿಯಾಗಿ ಧೈರ್ಯ ತುಂಬಿ, ಆಮೇಲೆ ಗುಂಪಿಗೆ ಸೇರಿಸಬೇಕಾದೀತು. ಶಾಲೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮೊದಲು ನಿಲ್ಲಿಸಬೇಕಾದದ್ದು ಆ ಹಿಂಸೆಯನ್ನು.

ದೇಶಕ್ಕೆ ದಾರಿ ತೋರಿದ ಜಿಲ್ಲೆ

ಮನಸ್ಸಿನ ಕಾಯಿಲೆಗೆ ಊರಲ್ಲೇ ಔಷಧ ಸಿಗಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ನಡೆಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದರ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎದ್ದು ನಿಂತಿತು. ಯೋಜನೆಯಲ್ಲಿ ಮನೋವೈದ್ಯರಲ್ಲದೆ ಮನಶ್ಶಾಸ್ತ್ರಜ್ಞರಿಗೂ ಜಾಗವಿದೆ. 2022ರಿಂದ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯೂ ಇದೆ.

ಗುಂಪು ಚಿಕಿತ್ಸೆಗೆ ದೊಡ್ಡ ಯಂತ್ರ ಬೇಡ. ಒಂದು ಕೋಣೆ, ಒಂದು ಜಮಖಾನೆ, ತರಬೇತಾದ ಒಬ್ಬರು, ಮಗುವಿನ ಬದಲು ತಾವು ಉತ್ತರ ಕೊಡದ ತಾಯ್ತಂದೆ ಇದ್ದರೆ ಸಾಕು. ದೇಶಕ್ಕೆ ದಾರಿ ತೋರಿದ ಜಿಲ್ಲೆ ತನ್ನ ಶಾಲೆಗಳ ಹಿಂದಿನ ಬೆಂಚಿನ ಮೂಕ ಮಕ್ಕಳಿಗೆ ಇಷ್ಟನ್ನು ಒದಗಿಸಲಾರದೆ? ಆ ಮಕ್ಕಳಂತೂ ಬಾಯಿಬಿಟ್ಟು ಕೇಳುವವರಲ್ಲ. ದೊಡ್ಡವರೇ ಕೇಳಬೇಕು. ಶಿಕ್ಷಣ, ಆರೋಗ್ಯ ಇಲಾಖೆಗಳವರು ಇತ್ತ ಕಿವಿಗೊಡುವರೆ?