ಬಾಂಬೆಯಲ್ಲಿ ಲೆಡ್ ಝೆಪ್ಪೆಲಿನ್: 1972ರ ರೆಕಾರ್ಡಿಂಗ್ ಅಧಿಕೃತವಾಗಿ ಹೊರಬಂದಿದ್ದು 2015ರಲ್ಲಿ!

ಬ್ರಿಟನ್ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಹಾಗೂ ಗಾಯಕ ರಾಬರ್ಟ್ ಪ್ಲಾಂಟ್ 1972ರಲ್ಲಿ ಬಾಂಬೆಗೆ ಬಂದು, ಇಲ್ಲಿನ ವಾದಕರ ಜತೆ ತಮ್ಮದೇ ಎರಡು ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿದ್ದರು. ಒಂದು ‘ಫ್ರೆಂಡ್ಸ್’, ಇನ್ನೊಂದು ‘ಫೋರ್ ಸ್ಟಿಕ್ಸ್’. ಡ್ರಮ್ಮರ್ ಜಾನ್ ಬೋನಮ್ ಕೈಗೆರಡರಂತೆ ನಾಲ್ಕು ಕೋಲು ಹಿಡಿದು ಬಾರಿಸಿದ್ದರಿಂದ ಎರಡನೆಯದಕ್ಕೆ ಆ ಹೆಸರು. ಬಾಂಬೆಯಲ್ಲಿ ಕೋಲಿನ ಜಾಗಕ್ಕೆ ತಬಲಾ ಬಂತು, ಹಾಡು ‘ಫೋರ್ ಹ್ಯಾಂಡ್ಸ್’ ಆಯಿತು!

ಇದು ಉಳಿದಿದ್ದೇ ದೊಡ್ಡದು. ಆ ಕಾಲದಲ್ಲಿ ವಿಡಿಯೋ ಟೇಪ್ ದುಬಾರಿಯಾಗಿದ್ದರಿಂದ ಟಿವಿ ಸಂಸ್ಥೆಗಳು ಹಳೆಯದನ್ನು ಅಳಿಸಿ ಮತ್ತೆ ಬಳಸುತ್ತಿದ್ದವು. ಬೀಟಲ್ಸ್ 1966ರ ಜೂನ್ 16ರಂದು ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ನಲ್ಲಿ ನೀಡಿದ ಪ್ರದರ್ಶನದ ಟೇಪ್‌ಗೂ ಇದೇ ಗತಿ. 2019ರಲ್ಲಿ ಮೊದಲು ಪತ್ತೆಯಾಗಿದ್ದು, ಮನೆಯ ಟಿವಿ ಪರದೆಯನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದ 11 ಸೆಕೆಂಡಿನ, ಧ್ವನಿಯಿಲ್ಲದ ತುಣುಕು.

ಬಾಂಬೆ ರೆಕಾರ್ಡಿಂಗ್ ಮಾತ್ರ ದಶಕಗಳ ಕಾಲ ಕಳ್ಳ ಪ್ರತಿಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ಕೊನೆಗೆ 2015ರ ಜುಲೈ 31ರಂದು ‘ಕೋಡಾ’ ಆಲ್ಬಂನ ವಿಸ್ತೃತ ಆವೃತ್ತಿಯಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. ಖಾರಘರದಿಂದ ಸಿಎಸ್‌ಎಂಟಿ ಲೋಕಲ್ ಹತ್ತಿದವರು ಈಗ ಮೊಬೈಲ್‌ನಲ್ಲೇ ಕೇಳಬಹುದು. ಹಾಡಿನ ಪಕ್ಕ ನಮ್ಮ ವಾದಕರಿಗೆ ಸಿಕ್ಕಿರುವ ಹೆಸರು ಮಾತ್ರ ‘ಬಾಂಬೆ ಆರ್ಕೆಸ್ಟ್ರಾ’, ಅಷ್ಟೇ.