ಕಪ್ಪೆಯಿದ್ದ ಕಲ್ಲು, ಕಲೆಯಾದ ಒರಳು

ಮುಳಬಾಗಿಲಿಗೆ ಸಮೀಪದ ಕುರುಡುಮಲೆಗೆ ಹೋದವರು ಅಲ್ಲಿನ ಭವ್ಯವಾದ ಏಕಶಿಲಾ ಗಣಪತಿಗೆ ಹಣ್ಣುಕಾಯಿ ಮಾಡಿಸಿ ಹಿಂದಿರುಗುವುದೇ ವಾಡಿಕೆ. ಹತ್ತಿರದ ಸೋಮೇಶ್ವರ ದೇವಾಲಯದತ್ತ ಹೆಜ್ಜೆ ಹಾಕಿದವರಿಗೆ ಒಂದು ಐತಿಹ್ಯ ಕೇಳಸಿಗುತ್ತದೆ. ಈ ಗುಡಿಯ ಅರ್ಧಭಾಗವನ್ನು ಕಡೆದವನು ಜಕಣಾಚಾರಿಯಂತೆ, ಉಳಿದರ್ಧ ಅವನ ಮಗ ಡಂಕಣನದಂತೆ. ಇದಕ್ಕೆ ಇತಿಹಾಸದ ಆಧಾರವಿಲ್ಲ. ಆದರೂ ಜನ ಈ ತಂದೆಮಕ್ಕಳನ್ನು ಬಿಟ್ಟುಕೊಡಲು ಸಿದ್ಧರಿಲ್ಲ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಮಹಾಶಿಲ್ಪಿಯ ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತ ಹುಡುಗನೊಬ್ಬ ನುಡಿದ. ಪರೀಕ್ಷಿಸಿದಾಗ ಕಲ್ಲಿನೊಳಗೆ ಕಪ್ಪೆ ಕಂಡಿತು. ಇದು ಬರಿಯ ಕಟ್ಟುಕಥೆಯಾದರೂ ಅದರ ಬೇರು ಶಾಸ್ತ್ರದಲ್ಲಿದೆ. ಮೇಲ್ಮೈಯ ವರ್ಣಮಂಡಲಗಳಿಂದ ಶಿಲೆಯ ಗರ್ಭದಲ್ಲಿರುವ ಜೀವಿಯನ್ನು ಊಹಿಸುವ ವಿಧಾನವನ್ನು ಹಳೆಯ ಶಾಸ್ತ್ರಗ್ರಂಥಗಳೇ ಹೇಳುತ್ತವೆ. ಕನ್ನಡ ನಾಡಿನ ಮೊದಲ ಕಲಾವಿಮರ್ಶಕನೆಂದು ಆ ಬಾಲಕನನ್ನು ಕರೆದರೆ ತಪ್ಪಾಗಲಾರದು. ಕಣ್ಣಿಗೆ ಕಾಣುವುದನ್ನು ಹೊಗಳಿದವರು ನೂರಾರು ಮಂದಿ. ಕಾಣದ್ದನ್ನು ಕಂಡವನು ಅವನೊಬ್ಬನೇ.

ಕಾಣದ್ದನ್ನು ಕುರಿತ ಈ ಪ್ರಶ್ನೆಯೇ 1964ರಲ್ಲಿ ನ್ಯೂಯಾರ್ಕಿನಲ್ಲಿ ಬೇರೊಂದು ವೇಷದಲ್ಲಿ ಎದ್ದಿತು. ಆ್ಯಂಡಿ ವಾರ್ಹಾಲ್ ಎಂಬ ಕಲಾವಿದ, ಪಾತ್ರೆ ಉಜ್ಜುವ 'ಬ್ರಿಲ್ಲೊ' ಸರಕಿನ ಪೆಟ್ಟಿಗೆಗಳನ್ನು ಹೋಲುವ ಮರದ ಪೆಟ್ಟಿಗೆಗಳನ್ನು ಪ್ರದರ್ಶನದಲ್ಲಿ ಪೇರಿಸಿಟ್ಟ. ಅಂಗಡಿಯ ಪೆಟ್ಟಿಗೆ ಸರಕು, ಇದು ಕಲೆ; ಏಕೆ? ಕೊಲಂಬಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಅಧ್ಯಾಪಕ ಆರ್ಥರ್ ಡಾಂಟೊ ಅದೇ ವರ್ಷ ಬರೆದ ಪ್ರಬಂಧದಲ್ಲಿ, ಆ ಭೇದ ಕಣ್ಣಿಗೆ ಗೋಚರಿಸುವಂಥದಲ್ಲ, ಕಲೆಯ ಚರಿತ್ರೆ ಮತ್ತು ಸಿದ್ಧಾಂತಗಳ ಅರಿವಿನಿಂದ ಮಾತ್ರ ತಿಳಿಯತಕ್ಕದ್ದು ಎಂದು ವಾದಿಸಿದರು. ಆಧುನಿಕ ಕಲಾಮೀಮಾಂಸೆಯನ್ನು ಓದುವ ಯಾವ ವಿದ್ಯಾರ್ಥಿಯೂ ಈ ಪ್ರಬಂಧವನ್ನು ದಾಟಿ ಹೋಗುವಂತಿಲ್ಲ.

ಈಗ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ನೆನೆಯೋಣ. ಇದು ಶಿಲ್ಪಿಗಳ ಊರು. ಮನೆಯಂಗಳದಲ್ಲೇ ಚಾಣದ ಸದ್ದು; ಕೃಷ್ಣಶಿಲೆಯ ಧೂಳು. ತಾಳಮಾನದ ಪ್ರಕಾರ ಮುಖದಳತೆ, ಮೈಯಳತೆ. ಧ್ಯಾನಶ್ಲೋಕದ ಪ್ರಕಾರ ಕೈಯ ಆಯುಧ. ವಿಗ್ರಹ ಸಿದ್ಧವಾದ ಮೇಲೂ ಅದು ಕಲ್ಲೇ. ನೇತ್ರೋನ್ಮೀಲನವಾಗಿ, ಪ್ರಾಣಪ್ರತಿಷ್ಠೆಯಾದ ಮೇಲೆ ದೇವರು. ಡಾಂಟೊ ಹೇಳಿದ 'ಕಣ್ಣಿಗೆ ಕಾಣದ ಭೇದ' ಈ ಊರಿನ ನಿತ್ಯದ ವ್ಯವಹಾರ.

ಆದರೆ ಎರಡೂ ಒಂದೇ ಎಂದು ಹಿಗ್ಗುವುದು ಅವಸರವಾದೀತು. ಪ್ರದರ್ಶನಶಾಲೆ ವಸ್ತುವನ್ನು ಬಳಕೆಯಿಂದ ಬಿಡಿಸಿ ನೋಟಕ್ಕೆ ಒಪ್ಪಿಸುತ್ತದೆ. ಪ್ರತಿಷ್ಠೆ ಅದನ್ನು ಅಭಿಷೇಕ, ನೈವೇದ್ಯಗಳ ಬಳಕೆಯೊಳಕ್ಕೆ ಸೇರಿಸಿಕೊಳ್ಳುತ್ತದೆ. ದಾರಿಗಳು ತದ್ವಿರುದ್ಧ.

ಕೋಲಾರ, ಮಾಲೂರು, ಶ್ರೀನಿವಾಸಪುರಗಳ ಕಡೆಯಿಂದ ಬೆಂಗಳೂರಿನ ಕಲಾಶಾಲೆಗೆ ಹೊರಡುವ ಹುಡುಗನಿಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ. ಅವನು ಶಿಲ್ಪಿಯ ಮಗನಾಗಿದ್ದರೆ, ಪಠ್ಯಪುಸ್ತಕ ತನ್ನ ತಂದೆಯ ಕೆಲಸವನ್ನು 'ಕಸುಬು' ಎಂದೂ ತಾನು ಕಲಿಯುವುದನ್ನು 'ಕಲೆ' ಎಂದೂ ವಿಂಗಡಿಸಿರುವುದು ಮೊದಲ ವರ್ಷದಲ್ಲೇ ಕಣ್ಣಿಗೆ ಬೀಳುತ್ತದೆ. ನಮ್ಮ ರಾಜ್ಯದಲ್ಲಿ ಲಲಿತಕಲೆಗೊಂದು, ಶಿಲ್ಪಕಲೆಗೊಂದು ಎಂದು ಎರಡು ಅಕಾಡೆಮಿಗಳಿವೆ. ಆಡಳಿತಕ್ಕೆ ಅನುಕೂಲವಿರಬಹುದು, ಗೆರೆ ಮಾತ್ರ ಆ ಹುಡುಗನ ಮನೆಯ ಹೊಸ್ತಿಲ ಮೇಲೆಯೇ ಬಿದ್ದಿದೆ.

ಆ ಗೆರೆಯನ್ನು ಅಳಿಸಿ ನೋಡಿದವರೂ ಇದ್ದಾರೆ. ಭದ್ರಾವತಿಯಲ್ಲಿ ಜನಿಸಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದ ಶೀಲಾ ಗೌಡರು, ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ 2012ರಲ್ಲಿ ಕೊಚ್ಚಿಯ ಮೊದಲ ಬಿನಾಲೆಗೆ ಕೊಂಡೊಯ್ದದ್ದು ಏನನ್ನು? ಬೆಂಗಳೂರಿನ ಬೀದಿಬದಿಗೆ ಬಿದ್ದಿದ್ದ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು! ಮನೆಗೆ ಮಿಕ್ಸಿ ಬಂದಿತು. ಹಳೆಯ ಮನೆ ಕೆಡವಲ್ಪಟ್ಟಿತು. ಒರಳನ್ನು ಒಡೆಯಲು ಮಾತ್ರ ಯಾರಿಗೂ ಕೈ ಬರಲಿಲ್ಲ. ಬಂದೀತಾದರೂ ಹೇಗೆ? ನಾಮಕರಣದ ದಿನ ಮಗುವಿಗೂ ಮೊದಲು ತೊಟ್ಟಿಲಲ್ಲಿ ಮಲಗುವವನು, ಟೊಪ್ಪಿಗೆ ತೊಟ್ಟ ಗುಂಡಪ್ಪನಲ್ಲವೇ! ಸಾಂಬಾರ ವ್ಯಾಪಾರದ ಆ ಹಳೆಯ ಬಂದರಿನಲ್ಲಿ, ಸಾಂಬಾರ ಅರೆದ ಕಲ್ಲುಗಳು ಮಾತಿಲ್ಲದೆ ಕುಳಿತವು. ಅವನ್ನು ಕಡೆದ ಕೈಗಳ ಹೆಸರು ಯಾವ ಫಲಕದಲ್ಲಿಯೂ ಇರಲು ಸಾಧ್ಯವಿರಲಿಲ್ಲ. ಅದನ್ನೂ ವಿಮರ್ಶೆ ಕೇಳಬೇಕಾಗುತ್ತದೆ.

ಕನ್ನಡದಲ್ಲಿ ಇಂಥ ಚಿಂತನೆಗೆ ಹಾದಿ ಇಲ್ಲವೆನ್ನುವವರು ಮುಳಬಾಗಿಲಿನಲ್ಲೇ ಹುಟ್ಟಿದ ಡಿ.ವಿ.ಜಿ.ಯವರನ್ನು ಮರೆತಿದ್ದಾರೆ. ಬೇಲೂರಿನ ಮದನಿಕೆಯರನ್ನು ಕುರಿತ ಅವರ 'ಅಂತಃಪುರಗೀತೆ' ಹಾಡೂ ಹೌದು, ಶಿಲ್ಪವನ್ನು ನೋಡುವ ಪಾಠವೂ ಹೌದು.

ಇನ್ನೊಂದು ಸಂಗತಿ. ಶಿಲ್ಪಿಯ ಉಳಿ ಜಾರಿ ಬೆರಳೋ ಮೂಗೋ ಮುಕ್ಕಾದರೆ ಆ ವಿಗ್ರಹ ಭಿನ್ನ. ಪೂಜೆಗೆ ಸಲ್ಲದು, ಅಂಗಳದ ಮೂಲೆ ಸೇರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿಯಾದರೋ ಗಾಜಿನ ಹಿಂದೆ, ದೀಪದ ಬೆಳಕಿನಲ್ಲಿ ನಿಂತಿರುವವುಗಳಲ್ಲಿ ಮೂಗು ಮುಕ್ಕಾದವು, ಕೈ ಮುರಿದವು ಎಷ್ಟೋ ಇವೆ. ಶನಿವಾರ ತರಗತಿಯ ಪ್ರವಾಸದಲ್ಲಿ ಅವನ್ನು ನೋಡಿ ಟಿಪ್ಪಣಿ ಬರೆದುಕೊಂಡ ಹುಡುಗ ಭಾನುವಾರ ಊರಿಗೆ ಬಂದು, ಮೂಲೆಯಲ್ಲಿರುವ ಆ ಭಿನ್ನ ವಿಗ್ರಹದ ಪಕ್ಕದಲ್ಲಿಯೇ ಉಳಿ ಹಿಡಿದು ಕೂರುತ್ತಾನೆ.